ಕಲ್ಲಿಗೂ ವಾಸನೆ ಇದ್ದನೇ ಕೂಸೆ?

ಭಾನುವಾರ ಸಂಜೆ ಶಿರಸಿಯಲ್ಲಿ ಹತ್ತು ನಿಮಿಷ ಮಳೆ ಹೊಡೆದು ನಿಂತಿತು. ಅಂಗಳದ ಮಣ್ಣು ಘಮ್ಮೆನ್ನುತ್ತಿತ್ತು. ತಮ್ಮನ ಮಗಳು ಜಗಲಿಯಲ್ಲಿ ಕೂತು ತರ್ಕಸಂಗ್ರಹ ಅನ್ನುವ ಸಂಸ್ಕೃತದ ತರ್ಕದ ಪುಸ್ತಕ ಬಾಯಿಪಾಠ ಮಾಡುತ್ತಿದ್ದಳು. 'ಗಂಧವತೀ ಪೃಥಿವೀ.' ವಾಸನೆ ಇರುವುದೇ ಪೃಥಿವಿ, ಅಂದರೆ ಭೂಮಿತತ್ವ, ಅಂತ ಅರ್ಥವನ್ನೂ ಹೇಳಿದಳು.

ಎಲೆ-ಅಡಿಕೆ ಕವಳ ಹಾಕುತ್ತಿದ್ದ ನಮ್ಮ ಆಯಿ (ಅಮ್ಮ) ತಲೆ ಎತ್ತಿ ಕೇಳಿದಳು, "ಕಲ್ಲಿಗೂ ವಾಸನೆ ಇದ್ದನೇ ಕೂಸೆ?"

ಹುಡುಗಿ ಗಪ್‌ಚುಪ್. ನಾನು ನಕ್ಕೆ. ಈಗ ಅನ್ನಿಸುತ್ತದೆ, ನಗಬಾರದಿತ್ತು.

ಅವಳು ಸೇರಬೇಕು ಅಂತಿರುವುದು ತಿರುಪತಿಯ ರಾಷ್ಟ್ರೀಯ ಸಂಸ್ಕೃತ ವಿಶ್ವವಿದ್ಯಾಲಯಕ್ಕೆ. 2020ರಲ್ಲಿ ಅದು ಕೇಂದ್ರೀಯ ವಿಶ್ವವಿದ್ಯಾಲಯ ಆಯಿತು. ಆದರೆ ನಮ್ಮ ಕೇರಿಯವರಿಗೆ ತಿರುಪತಿ ಅಂದರೆ ಪೂಜೆ, ಲಾಡು, ಅಷ್ಟೇ. "ಹೆಣ್ಣುಮಗಳು ಪೌರೋಹಿತ್ಯ ಮಾಡ್ತಾಳಾ?" ಅಂತ ಒಬ್ಬರು ಕೇಳಿಯೂ ಆಯಿತು. ಅವರ ಮಗ ಬೆಂಗಳೂರಲ್ಲಿ ಏನು ಮಾಡ್ತಾನೆ ಅಂತ ನಾವ್ಯಾರೂ ಕೇಳಿಲ್ಲ. ತಮ್ಮನಿಗೂ ಒಳಗೊಳಗೇ ಅಳುಕು. ಮಗಳ ಮುಂದೆ ಮಾತ್ರ ಗಟ್ಟಿಯಾಗಿ ಮಾತಾಡುತ್ತಾನೆ.

ಪ್ರವೇಶಕ್ಕೆ ಬರೆಯಬೇಕಾದದ್ದು ಸಿಯುಇಟಿ, ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ. ಸರಿ ಉತ್ತರಕ್ಕೆ 5 ಅಂಕ, ತಪ್ಪಿದರೆ 1 ಕಟ್. ಸಂಧಿ, ಸಮಾಸ, ವಿಭಕ್ತಿ, ನಾಲ್ಕರಲ್ಲಿ ಒಂದು ಆರಿಸು. ಸೊಸೈಟಿಯಲ್ಲಿ ಲೆಕ್ಕ ಬರೆಯುವ ನಾನು ಗಡಿಯಾರ ಹಿಡಿದು ಕೂರುತ್ತೇನೆ. ತರ್ಕಸಂಗ್ರಹ ಇದಕ್ಕೆ ಬೇಕಾಗಿಲ್ಲ. ತಿರುಪತಿಯಲ್ಲಿ ನ್ಯಾಯಶಾಸ್ತ್ರ (ಕೋರ್ಟಿನದಲ್ಲ, ತರ್ಕದ್ದು) ತಗೊಳ್ಳುವ ಆಸೆ, ಅದಕ್ಕೆ ಈಗಲೇ ಹಿಡಿದಿದ್ದಾಳೆ. "ಮೊದಲು ಪರೀಕ್ಷೆ ನೋಡು" ಅಂತ ನಾನೇ ಎರಡು ಸಲ ಗದರಿದ್ದೆ. ಮಕ್ಕಳಿಗೆ ಸುಲಭವಾಗಿ ತಿಳಿಯಲಿ ಅಂತಲೇ ಬರೆದೆ ಅನ್ನುತ್ತಾನೆ ತರ್ಕಸಂಗ್ರಹದ ಅನ್ನಂಭಟ್ಟ. ಯಾವ ಮಕ್ಕಳೋ! ಏಳು ಪದಾರ್ಥ, ಒಂಬತ್ತು ದ್ರವ್ಯ, ಇಪ್ಪತ್ನಾಲ್ಕು ಗುಣ. ಇಲ್ಲದಿರುವುದೂ ಒಂದು ಪದಾರ್ಥ ಅಂತೆ, ಅದಕ್ಕೂ ನಾಲ್ಕು ಬಗೆ.

ಅವತ್ತು ರಾತ್ರಿ ಅವಳು ಊಟಕ್ಕೂ ಸರಿಯಾಗಿ ಕೂರಲಿಲ್ಲ. ಕಲ್ಲೂ ಪೃಥಿವಿಯೇ. ವಾಸನೆ ಇಲ್ಲ ಅಂದರೆ ಪೃಥಿವಿಗೆ ಕೊಟ್ಟ ಲಕ್ಷಣವೇ (ವ್ಯಾಖ್ಯೆಯೇ) ಬಿತ್ತು. ಇದೆ ಅಂದರೆ ಮೂಗಿಗೆ ಯಾಕೆ ಬರಲ್ಲ? ಬೆಳಿಗ್ಗೆ ಸೋಂದಾ ಕಡೆಯ ಅವಳ ಮೇಷ್ಟ್ರಿಗೆ ಫೋನ್ ಮಾಡಿದಳು. ಅವರು ಜೋರಾಗಿ ನಕ್ಕರಂತೆ. ನ್ಯಾಯಸಿದ್ಧಾಂತ ಮುಕ್ತಾವಳಿ ಅನ್ನುವ ಇನ್ನೊಂದು ತರ್ಕದ ಗ್ರಂಥದಲ್ಲಿ ಇದೇ ಪ್ರಶ್ನೆ ಇದೆ. ಕಲ್ಲಿಗೂ ವಾಸನೆ ಇದೆ, ನಮಗೆ ಗೊತ್ತಾಗುವಷ್ಟು ಜೋರಾಗಿಲ್ಲ, ಅಷ್ಟೇ. ಇಲ್ಲದೇ ಹೋದರೆ ಕಲ್ಲು ಸುಟ್ಟ ಬೂದಿಗೆ ವಾಸನೆ ಎಲ್ಲಿಂದ ಬಂತು?

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಆಯಿ. ಅಣ್ಣಂದಿರು ಮುಂದೆ ಓದಿದರು, ಇವಳು ಕೊಟ್ಟಿಗೆಗೆ ಹೋದಳು. ಅರವತ್ತು ವರ್ಷದಲ್ಲಿ ಇವಳ ಪ್ರಶ್ನೆಗಳಿಗೆ ನಾವು ಎಷ್ಟು ಸಲ ಸುಮ್ನೆ ನಕ್ಕಿದ್ದೇವೆ? ಎಷ್ಟಕ್ಕೆ "ನಿಂಗೆ ಗೊತ್ತಾಗ್ತಿಲ್ಲೆ, ಬಿಡು" ಅಂದಿದ್ದೇವೆ? ನನ್ನ ಗಡಿಯಾರದ ಮುಂದೆ ಆ ಪ್ರಶ್ನೆ ಬಂದಿದ್ದರೆ ಟೈಂ ವೇಸ್ಟ್ ಅಂತ ಮುಂದಿನದಕ್ಕೆ ಹೋಗು ಅನ್ನುತ್ತಿದ್ದೆ.

ಹುಡುಗಿ ಓಡಿ ಬಂದು ಅಜ್ಜಿಗೆ ಎಲ್ಲಾ ಹೇಳಿದಳು. ಆಯಿ ಸುಣ್ಣದ ಡಬ್ಬಿ ತೆಗೆದು ಮೂಗಿನ ಹತ್ತಿರ ಹಿಡಿದಳು.

"ಹೌದು ಮಾರಾಯ್ತಿ, ಇದೂ ಕಲ್ಲು ಸುಟ್ಟಿದ್ದೇ ಅಲ್ದ? ಆ ಪುಸ್ತಕ ಬರೆದವನೂ ಕವಳ ಹಾಕ್ತಿದ್ನಾ ಎಂತೇನ."