‘ಸಿಲ್ಲಿ’ ಎಂದರೆ ಧನ್ಯ ಎಂದಿದ್ದ ಕಾಲ

ಶನಿವಾರ ಮಗಳ ಶಾಲೆಯಲ್ಲಿ ಪಾಲಕರ ಸಭೆ. ಗಣಿತದ ಉತ್ತರಪತ್ರಿಕೆಯನ್ನು ನನ್ನ ಮುಂದೆ ಬಿಡಿಸಿಟ್ಟ ಶಿಕ್ಷಕಿ, ಬಳುಕಿದ ತ್ರಿಭುಜಗಳನ್ನೂ ಒಂದು ಕಡೆಗೆ ವಾಲಿದ ಚೌಕವನ್ನೂ ಬೆರಳಿಟ್ಟು ತೋರಿಸಿದರು. ನಾಲ್ಕು ಅಂಕ ಹೋಗಿತ್ತು. ಹಿಂದಿನ ಬೆಂಚಿನ ಹುಡುಗಿ ಸ್ಕೇಲು ತಂದಿಲ್ಲವೆಂದು ಅಳುತ್ತಿದ್ದಳಂತೆ. ಇವಳು ತನ್ನಲ್ಲಿದ್ದ ಒಂದೇ ಸ್ಕೇಲನ್ನು ಅವಳಿಗೆ ಕೊಟ್ಟು, ತಾನು ಬರಿಗೈಯಲ್ಲಿ ಗೆರೆ ಎಳೆದಿದ್ದಾಳೆ.

“ಸಿಲ್ಲಿ ಗರ್ಲ್!” ಎಂದು ಶಿಕ್ಷಕಿ ನಕ್ಕರು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರೂ ನಕ್ಕರು. “ಈ ಕಾಲದಲ್ಲಿ ಹೀಗಿದ್ದರೆ ಬದುಕುವುದು ಕಷ್ಟ ಮೇಡಂ” ಎಂದು ಅವರ ಸಲಹೆ ಬೇರೆ. ಯಾರೂ ಕೇಳದೆ ಸಲಹೆ ಕೊಡುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಶಿಕ್ಷಕಿಯ ಮೇಲೆ ಸಿಟ್ಟಿಲ್ಲ, ಮಕ್ಕಳನ್ನು ಹಚ್ಚಿಕೊಂಡವರು ಅವರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮಗಳು ನಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: “ಅಮ್ಮಾ, ಸಿಲ್ಲಿ ಎಂದರೆ ದಡ್ಡಿ ಎಂದು ಅಲ್ಲವೇ?”

ಹೌದು ಎನ್ನಲು ಬಾಯಿ ಬರಲಿಲ್ಲ. ಅಲ್ಲ ಎಂದರೆ ಸುಳ್ಳಾಗುತ್ತಿತ್ತು. ಮನೆಗೆ ಹೋಗಿ ನೋಡಿ ಹೇಳುತ್ತೇನೆ ಎಂದೆ.

ಅಂದು ರಾತ್ರಿ ನಿಘಂಟು ತೆರೆದವಳಿಗೆ ಹನ್ನೊಂದು ಗಂಟೆಯಾದದ್ದೇ ತಿಳಿಯಲಿಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ಪದದ ಮೂಲರೂಪಕ್ಕೆ ಅದೃಷ್ಟವಂತ, ಸುಖಿ, ದೇವರ ಕೃಪೆಗೆ ಪಾತ್ರನಾದವನು ಎಂಬ ಅರ್ಥವಿತ್ತು. ಧನ್ಯ ಎನ್ನುತ್ತೇವಲ್ಲ, ಅದೇ. ದೇವರ ಕೃಪೆಯಿದ್ದವನು ಕಪಟವರಿಯದವನು ಎಂದಾಯಿತು. ಕಪಟವರಿಯದವನಿಗೆ ಜಗತ್ತಿನಲ್ಲಿ ಪೆಟ್ಟು ತಪ್ಪಿದ್ದಲ್ಲ, ಹಾಗಾಗಿ ಅವನು ಕನಿಕರಕ್ಕೆ ಪಾತ್ರನಾದ. ಕನಿಕರ ಪಡುವವರಿಗೆ ಅವನು ದುರ್ಬಲನಾಗಿ ಕಂಡ. ಹದಿನಾರನೆಯ ಶತಮಾನ ಮುಗಿಯುವ ಹೊತ್ತಿಗೆ ಬುದ್ಧಿಯಿಲ್ಲದವನು ಎಂಬ ಅರ್ಥ ಬಂದು ಕುಳಿತಿತ್ತು. ಆದರೂ ಹಳೆಯ ಅರ್ಥಗಳು ಒಮ್ಮೆಗೇ ಜಾಗ ಬಿಡಲಿಲ್ಲ. 1629ರಲ್ಲಿ ಮಿಲ್ಟನ್ ಬರೆದ ಕ್ರಿಸ್ತಜನನದ ಕವಿತೆಯಲ್ಲಿ ಕುರುಬರ ಯೋಚನೆಗಳಿಗೆ ಇದೇ ವಿಶೇಷಣವಿದೆ. ಅಲ್ಲಿ ಅದು ಬೈಗುಳವಲ್ಲ, ಸರಳ ಜನರ ಸರಳ ಯೋಚನೆಗಳು ಎಂದಷ್ಟೇ.

ಪದವೊಂದು ಕೆಳಗಿಳಿದ ಈ ಮೆಟ್ಟಿಲುಗಳನ್ನು ನೋಡುತ್ತಿದ್ದರೆ ಪರೀಕ್ಷೆಯ ಆ ಕೊಠಡಿಯೇ ಕಣ್ಣಿಗೆ ಬರುತ್ತಿತ್ತು. ಅಳುವ ಹುಡುಗಿಯ ಕಡೆ ತಿರುಗಿ ಸ್ಕೇಲು ಚಾಚಿದ ಪುಟ್ಟ ಕೈ, ಆಮೇಲೆ ಶಿಕ್ಷಕಿಯ ನಗು, ಆಮೇಲೆ ಹಿಂದಿನವರ ಸಲಹೆ. ಒಳ್ಳೆಯತನದಿಂದ ಅಯ್ಯೋ ಪಾಪಕ್ಕೆ, ಅಲ್ಲಿಂದ ದಡ್ಡತನಕ್ಕೆ ಇಂಗ್ಲಿಷರು ನೂರಾರು ವರ್ಷ ತೆಗೆದುಕೊಂಡರು. ನಾವು ಐದು ನಿಮಿಷದಲ್ಲಿ ಮುಗಿಸಿಬಿಟ್ಟೆವು.

ಇದೇ ಬೀಜದಿಂದ ಹುಟ್ಟಿದ ಜರ್ಮನ್ ಪದ ‘ಜೇಲಿಗ್’ ಮಾತ್ರ ಇಂದಿಗೂ ಧನ್ಯ ಎಂದೇ ಉಳಿದಿದೆ. ಲೂಥರನ ಬೈಬಲಿನಲ್ಲಿ ಯೇಸು ಬೆಟ್ಟದ ಮೇಲೆ ದೀನರನ್ನು ಧನ್ಯರೆಂದು ಕರೆಯುವಾಗ ಬರುವುದು ಅದೇ ಮಾತು. ನಮ್ಮ ಕಿಟೆಲ್ ಅವರ ತಾಯ್ನುಡಿ ಅದು. 1894ರಲ್ಲಿ ಮಂಗಳೂರಿನಿಂದ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಆ ಹಿರಿಯರ ಕಿವಿಗೆ, ಒಂದೇ ಪದ ಒಂದು ಭಾಷೆಯಲ್ಲಿ ಹರಕೆಯಾಗಿಯೂ ಇನ್ನೊಂದರಲ್ಲಿ ಹೀಯಾಳಿಕೆಯಾಗಿಯೂ ಹೇಗೆ ಕೇಳಿಸುತ್ತಿತ್ತೋ ಎಂದು ಯೋಚಿಸುತ್ತಾ ಕುಳಿತೆ.

ಆಗಲೇ ನಮ್ಮ ‘ಮುಗ್ಧ’ ನೆನಪಾದದ್ದು. ಸಂಸ್ಕೃತದ ‘ಮುಹ್’ ಧಾತುವಿಗೆ ದಿಕ್ಕು ತೋಚದಂತಾಗುವುದು, ಭ್ರಮೆಗೊಳ್ಳುವುದು ಎಂಬ ಅರ್ಥವಿದೆ. ಮೋಹ ಬಂದದ್ದು ಅದರಿಂದಲೇ. ಅದೇ ಧಾತುವಿನಿಂದ ಎರಡು ವಿಶೇಷಣಗಳು ಹುಟ್ಟಿವೆ: ಒಂದು ಮೂಢ, ಇನ್ನೊಂದು ಮುಗ್ಧ. ಒಡಹುಟ್ಟಿದವು! ಒಂದನ್ನು ನಾವು ಮೂಢನಂಬಿಕೆಗೆ ಕೊಟ್ಟೆವು, ಇನ್ನೊಂದನ್ನು ಮಗುವಿನ ನಗುವಿಗೆ ಇಟ್ಟುಕೊಂಡೆವು. ಮುಗ್ಧ ಎಂಬುದಕ್ಕೂ ಸಂಸ್ಕೃತದಲ್ಲಿ ತಿಳಿಗೇಡಿ ಎಂಬ ಅರ್ಥವಿದೆ. ಆದರೆ ಕನ್ನಡದಲ್ಲಿ ಇಂದು ಯಾರನ್ನಾದರೂ ಮುಗ್ಧ ಎಂದು ಕರೆದರೆ ಅದು ಬಯ್ಗುಳವಾಗದು. ಇಂಗ್ಲಿಷಿನ ಪದ ಇಳಿದ ಮೆಟ್ಟಿಲನ್ನೇ ಇದು ಹತ್ತಿಬಂದಿದೆ. ಕಲ್ಲಿನ ಶಿವ ಹಾಲು ಕುಡಿಯಲೇಬೇಕೆಂದು ಅತ್ತು, ಕೊನೆಗೂ ಕುಡಿಸಿದ ಕೋಳೂರ ಕೊಡಗೂಸನ್ನು ದಡ್ಡಿ ಎನ್ನಲು ನಮ್ಮ ಜನರಿಗೆ ಮನಸ್ಸು ಬಂದಿಲ್ಲ. ನನಗೆ ಹೆಮ್ಮೆಯೆನಿಸಿತು. ನಿಘಂಟು ನೋಡುತ್ತಾ ಕಣ್ಣು ತುಂಬಿದ್ದು ಅದೇ ಮೊದಲು.

ನಮ್ಮ ಅತ್ತೆಯವರಿಗೆ ಇಂಗ್ಲಿಷ್ ಬಾರದು. ಭಾನುವಾರ ಎಲ್ಲ ಕೇಳಿಸಿಕೊಂಡು, “ಪಾಪದ ಕೂಸು” ಎಂದು ಮೊಮ್ಮಗಳ ತಲೆ ಸವರಿದರು. ಆ ಮಾತೂ ಎಂಥದು ನೋಡಿ. ಪಾಪ ಎಂದರೆ ಮಾಡಬಾರದ್ದನ್ನು ಮಾಡಿದ ಕರ್ಮ. ಆದರೆ ಏನೂ ಮಾಡದವರನ್ನು ಕಂಡಾಗಲೂ ನಮ್ಮ ಬಾಯಲ್ಲಿ ಬರುವುದು “ಪಾಪ” ಎಂದೇ. ಗಂಡನಿಗೆ ಇದೆಲ್ಲ ಬೇಡ. “ಮೊದಲು ಅವಳಿಗೆ ಸ್ವಲ್ಪ ಚುರುಕುತನ ಕಲಿಸು” ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಅವರು ನೋಡುವ ಕ್ರಿಕೆಟ್ಟಿನಲ್ಲಿ ಬ್ಯಾಟಿನ ಮೂತಿಗೇ ಎದೆಯೊಡ್ಡಿ ನಿಲ್ಲುವ ಜಾಗಕ್ಕೆ ಸಿಲ್ಲಿ ಪಾಯಿಂಟ್ ಎಂದೇ ಹೆಸರು. ಅಷ್ಟು ಹತ್ತಿರ ನಿಲ್ಲುವುದು ತಿಳಿಗೇಡಿತನ ಎಂದು ಹೆಸರಿಟ್ಟರು. ತಂಡಕ್ಕಾಗಿ ಪೆಟ್ಟು ತಿನ್ನಲು ಸಿದ್ಧನಾದವನೊಬ್ಬ ಅಲ್ಲಿ ನಿಲ್ಲುತ್ತಲೇ ಬಂದಿದ್ದಾನೆ. ಅದನ್ನು ಹೇಳಿದಾಗ ಅವರು ಸುಮ್ಮನಾದರು.

ಮಗಳಿಗೆ ಹೇಳುವುದಷ್ಟೇ ಉಳಿದಿತ್ತು. ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು, ಈಗ ಅದಕ್ಕೆ ದಡ್ಡಿ ಎಂದೇ ಅರ್ಥ, ತುಂಬಾ ಹಿಂದೆ ದೇವರಿಗೆ ಇಷ್ಟವಾದವಳು ಎಂದಿತ್ತು ಎಂದೆ. ಅವಳು ಸ್ವಲ್ಪ ಹೊತ್ತು ಸೂರು ನೋಡಿದಳು.

“ಅಮ್ಮಾ, ಮಿಸ್‌ಗೆ ಹಳೆಯದು ಗೊತ್ತಿಲ್ಲ ಅಲ್ಲವೇ?”

“ಗೊತ್ತಿರಲಿಕ್ಕಿಲ್ಲ.”

“ನಾನು ಹೇಳಲೇ?”

“ಹೇಳು” ಎಂದೆ.

ಸ್ಕೇಲು ಇನ್ನೂ ವಾಪಸು ಬಂದಿಲ್ಲ. ಸೋಮವಾರ ಬೆಳಿಗ್ಗೆ ಹೊಸದೊಂದನ್ನು ಕೊಂಡು, ಕಳೆಯದಿರಲೆಂದು ಹೆಸರು ಬರೆಯಲು ಪೆನ್ನು ತೆಗೆದೆ. “ಹೆಸರು ಬೇಡಮ್ಮಾ” ಎಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಚೀಲದೊಳಗೆ ಇಟ್ಟುಕೊಂಡಳು.