ನೀರಿಗೆ ಎರಡು ಗಂಟೆ, ಬೆಳಕಿಗೆ ಒಂದು ತಿಂಗಳು

ಉಪ್ಪುನೀರಿನ ಅಕ್ವೇರಿಯಂಗೆ ಹೊಸದಾಗಿ ಅನೆಮನಿ (ಹೂವಿನಂತೆ ಕಾಣುವ ಕಡಲಜೀವಿ) ತಂದವರು ಅದನ್ನು ಟ್ಯಾಂಕಿನ ನೀರಿಗೆ ಒಗ್ಗಿಸುವ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಾರೆ. ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಟ್ಟು ಬಕೆಟ್ ಮುಂದೆ ಕಾದು ಕೂರುತ್ತಾರೆ. ಆಮೇಲೆ ಅದನ್ನು ಟ್ಯಾಂಕಿಗಿಳಿಸಿ ಎಲ್‌ಇಡಿಯನ್ನು ಎಂದಿನಂತೆ ಪೂರ್ತಿ ಉರಿಸಿಬಿಡುತ್ತಾರೆ. ಹತ್ತು ದಿನಕ್ಕೆ ಅದು ಬಿಳಿಚಿಕೊಂಡಾಗ ಟೆಸ್ಟ್ ಕಿಟ್ ಹಿಡಿದು ನೀರಿನಲ್ಲಿ ತಪ್ಪು ಹುಡುಕುತ್ತಾರೆ. ತಪ್ಪು ಇರುವುದು ತಲೆಯ ಮೇಲೆ ತೂಗುತ್ತಿರುವ ಲೈಟಿನಲ್ಲಿ.

ಇಲ್ಲಿ ಹೇಳುವುದು ಬಬಲ್ ಟಿಪ್ ಅನೆಮನಿಯ ಬಗ್ಗೆ, ಅಂದರೆ ಎಂಟಾಕ್ಮಿಯಾ ಕ್ವಾಡ್ರಿಕಲರ್. ಮೊದಲ ಸಲ ಸಾಕುವವರಿಗೆ ಇದೇ ಸರಿ. ಮ್ಯಾಗ್ನಿಫಿಕಾ ನೋಡಲು ಇದಕ್ಕಿಂತ ಚೆಂದ, ಆದರೆ ಸಣ್ಣ ತಪ್ಪಿಗೂ ಸಾಯುವ ಜಾತಿ.

ಟ್ಯಾಂಕಿಗೆ ಕನಿಷ್ಠ ಆರು ತಿಂಗಳಾದರೂ ಆಗಿರಲಿ. ಸ್ಪೆಸಿಫಿಕ್ ಗ್ರಾವಿಟಿ (ಉಪ್ಪಿನಂಶದ ಅಳತೆ) 1.025ರಿಂದ 1.026, ಉಷ್ಣಾಂಶ 25ರಿಂದ 27 ಡಿಗ್ರಿ, ಆಲ್ಕಲಿನಿಟಿ (ಪಿಎಚ್ ಅಲುಗಾಡದಂತೆ ತಡೆಯುವ ಗುಣ) 8–9 ಡಿಕೆಎಚ್, ನೈಟ್ರೇಟ್ 5ರಿಂದ 15 ಪಿಪಿಎಂ ಇದ್ದರೆ ಸಾಕು. ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ಅದು ದಿನದಿಂದ ದಿನಕ್ಕೆ ಅಲುಗಾಡದೆ ಇರುವುದು ಮುಖ್ಯ. ಬೆಂಗಳೂರಿನ ಬೋರ್ ನೀರು ಬಳಸುವವರಿಗೆ ಒಂದು ಮಾತು: ಅಡುಗೆಮನೆಯ ಆರ್‌ಒ ಯಂತ್ರದ ನೀರಿನಲ್ಲಿ ಉಪ್ಪು ಕಲಸಬೇಡಿ. ಅನೇಕ ಯಂತ್ರಗಳು ರುಚಿಗೆಂದು ಖನಿಜವನ್ನು ಮತ್ತೆ ಬೆರೆಸುತ್ತವೆ. ಕೆಲವು ಆರೋಗ್ಯದ ಹೆಸರಿನಲ್ಲಿ ತಾಮ್ರವನ್ನೇ ಸೇರಿಸುತ್ತವೆ. ನಮಗೆ ಅದು ಒಳ್ಳೆಯದೋ ಏನೋ, ಅನೆಮನಿಗೆ ವಿಷ. ಡಿಐ ರೆಸಿನ್ (ಉಳಿದ ಲವಣ ಹೀರುವ ಫಿಲ್ಟರ್) ದಾಟಿ ಬಂದ, ಟಿಡಿಎಸ್ (ಕರಗಿದ ಲವಣದ ಪ್ರಮಾಣ) ಸೊನ್ನೆ ತೋರಿಸುವ ನೀರೇ ಬೇಕು.

ಅಂಗಡಿಯಲ್ಲಿ ಬಾಯಿ ನೋಡಿ: ಬಿಗಿಯಾಗಿ ಮುಚ್ಚಿರಬೇಕು. ಬಂಡೆಗೆ ಅಂಟುವ ಪಾದದಲ್ಲಿ ಹರಿದ ಗುರುತಿರಬಾರದು. ಟೆಂಟಕಲ್ (ಬೆರಳಿನಂಥ ಎಳೆ) ಕಂದು, ಹಸಿರು, ಗುಲಾಬಿ ಏನಾದರೂ ಆಗಿರಲಿ, ಹಾಲಿನಂಥ ಬಿಳಿ ಬೇಡ. ನಿಂಬೆಹಣ್ಣಿನಂತೆ ಹೊಳೆಯುವ ಹಳದಿಯದ್ದು ಎಷ್ಟೋ ಸಲ ಬಣ್ಣ ಕುಡಿಸಿದ ಬಿಳಿಚಿದ ಅನೆಮನಿಯೇ ಆಗಿರುತ್ತದೆ. ಯಾರದ್ದಾದರೂ ಟ್ಯಾಂಕಿನಲ್ಲೇ ಒಡೆದು ಎರಡಾದ ಮರಿ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ತನ್ನಿ.

ಇನ್ನು ನೀರು. ಅನೆಮನಿಯ ಮೈಯೊಳಗಿನ ಉಪ್ಪಿನಂಶ ಸುತ್ತಲಿನ ನೀರಿನದ್ದನ್ನೇ ಹಿಂಬಾಲಿಸುತ್ತದೆ. ಹೊರಗೆ ದಿಢೀರ್ ಬದಲಾದರೆ ಪೆಟ್ಟು ನೇರವಾಗಿ ಜೀವಕೋಶಗಳಿಗೇ. ಮೀನಿನ ಪರೋಪಜೀವಿಗಳನ್ನು ಹತೋಟಿಯಲ್ಲಿಡಲು ಹಲವು ಅಂಗಡಿಗಳು ಉಪ್ಪನ್ನು 1.020–1.021ಕ್ಕೆ ಇಳಿಸಿರುತ್ತವೆ. ಆದ್ದರಿಂದ ಮೊದಲು ಚೀಲದ ನೀರು ಅಳೆಯಿರಿ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಿಂದ ಸೊನ್ನೆಗೆ ತಂದರೆ ಸಾಲದು, 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಿಂದ ಸರಿಹೊಂದಿಸಿ.

ವ್ಯತ್ಯಾಸ 0.001ರೊಳಗಿದ್ದರೆ ಚೀಲವನ್ನು 20 ನಿಮಿಷ ತೇಲಿಬಿಟ್ಟು, ಅನೆಮನಿಯನ್ನು ಕೈಯಲ್ಲೆತ್ತಿ ಟ್ಯಾಂಕಿಗೆ ಬಿಡಿ. ಅದಕ್ಕಿಂತ ಹೆಚ್ಚಿದ್ದರೆ ಡ್ರಿಪ್, ಅಂದರೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬೆರೆಸುವುದು. ಕಿರಿದಾದ ಡಬ್ಬಿಯಲ್ಲಿ ಅನೆಮನಿ ಮುಳುಗುವಷ್ಟು, ಸುಮಾರು ಅರ್ಧ ಲೀಟರ್ ಚೀಲದ ನೀರು ಹಾಕಿ. 4 ಮಿಲಿಮೀಟರ್ ಏರ್ ಪೈಪಿನಲ್ಲಿ ಟ್ಯಾಂಕಿನಿಂದ ನೀರೆಳೆದು, ವಾಲ್ವ್ ಬಿಗಿದು, ಸೆಕೆಂಡಿಗೆ 4–5 ಹನಿ ಬೀಳುವಂತೆ ಮಾಡಿ. ನೀರು ಒಂದು ಲೀಟರ್ ಆಗಲು 35–40 ನಿಮಿಷ ಬೇಕು. ಆಗ ಅರ್ಧ ಚೆಲ್ಲಿ, ಮತ್ತೆ ಹನಿ ಬಿಡಿ. ಚೀಲದಲ್ಲಿ 1.021, ಟ್ಯಾಂಕಿನಲ್ಲಿ 1.026 ಇದ್ದರೆ ಮೊದಲ ಸುತ್ತಿಗೆ 1.0235, ಎರಡನೆಯದಕ್ಕೆ 1.0248, ಮೂರನೆಯದಕ್ಕೆ 1.0254. ಅಲ್ಲಿಗೆ ಎರಡು ಗಂಟೆ, ಅಷ್ಟು ಸಾಕು. ಡಬ್ಬಿ ತಣ್ಣಗಾಗದಂತೆ ಅದನ್ನು ಅಕ್ವೇರಿಯಂನ ಸಂಪಿನಲ್ಲಿ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ತೇಲಿಬಿಡಿ. ಚೀಲದ ನೀರು ಟ್ಯಾಂಕಿಗೆ ಒಂದು ತೊಟ್ಟೂ ಬೀಳಬಾರದು, ಅದರಲ್ಲಿ ಅಂಗಡಿಯ ಮೀನಿನ ಪರೋಪಜೀವಿ ಇದ್ದೀತು.

ಪಾರ್ಸೆಲ್‌ನಲ್ಲಿ ಒಂದು ದಿನ ಕಳೆದು ಬಂದದ್ದಕ್ಕೆ ಈ ಕ್ರಮ ನಡೆಯುವುದಿಲ್ಲ. ಮುಚ್ಚಿದ ಚೀಲದಲ್ಲಿ ಅಮೋನಿಯಾ ಸೇರಿರುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವುದರಿಂದ ಅದು ಹೆಚ್ಚು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ಅಮೋನಿಯಾ ಆಗುತ್ತದೆ. ಅದೇ ನೀರಿನಲ್ಲಿ ಎರಡು ಗಂಟೆ ಡ್ರಿಪ್ ಮಾಡುವುದೆಂದರೆ ವಿಷದಲ್ಲಿ ನೆನೆಹಾಕಿದಂತೆ. ಮಾರುವವರಿಂದ ಉಪ್ಪಿನಂಶ ಮೊದಲೇ ಕೇಳಿ, ಅಷ್ಟೇ ಉಪ್ಪಿನ, ಅಷ್ಟೇ ಬಿಸಿಯ ಹೊಸ ನೀರು ಕಲಸಿಡಿ. ಚೀಲ ಬಿಚ್ಚಿದ ಕೂಡಲೇ ಅದಕ್ಕೆ ವರ್ಗಾಯಿಸಿ, ಅಲ್ಲಿಂದ ಡ್ರಿಪ್ ಶುರುಮಾಡಿ.

ಟ್ಯಾಂಕಿಗೆ ಇಳಿಸುವಾಗ ವೇವ್ ಮೇಕರ್ (ನೀರು ಹರಿಸುವ ಫ್ಯಾನ್) ಆಫ್ ಮಾಡಿ. ಬಂಡೆಯ ಆಳವಾದ ಬಿರುಕಿನ ಬಾಯಲ್ಲಿ ಪಾದ ಕೆಳಗಿರುವಂತೆ ಇಟ್ಟು ಒಂದು ಗಂಟೆ ಬಿಡಿ. ಅದು ಹಿಡಿದುಕೊಂಡರೂ ನಂಬಬೇಡಿ, ರಾತ್ರಿ ನಡೆಯುತ್ತದೆ. ಹಾಗಾಗಿ ವೇವ್ ಮೇಕರ್‌ಗೆ ಸ್ಪಂಜಿನ ಕವಚ, ಹೀಟರ್‌ಗೆ ಗಾರ್ಡ್ ಮೊದಲೇ ಇರಲಿ. ಫ್ಯಾನಿನ ರೆಕ್ಕೆಗೆ ಸಿಕ್ಕಿ ಚೂರಾದ ಒಂದು ಅನೆಮನಿ ಚಿಕ್ಕ ಟ್ಯಾಂಕಿನ ಮೀನುಗಳನ್ನೆಲ್ಲ ಕೊಲ್ಲಬಲ್ಲದು.

ಬೆಳಕು ನಿಜವಾದ ಪರೀಕ್ಷೆ. ಟೆಂಟಕಲ್‌ಗಳ ಒಳಗಿರುವ ಝೂಕ್ಸಾಂಥೆಲ್ಲೆ ಎಂಬ ಪಾಚಿ ಬೆಳಕಿನಿಂದ ಆಹಾರ ಮಾಡಿ ಅನೆಮನಿಗೆ ಕೊಡುತ್ತದೆ. ಮಂದ ಬೆಳಕಿಗೆ ಒಗ್ಗಿದ ಪಾಚಿಯ ಮೇಲೆ ಒಮ್ಮೆಲೇ ತೀವ್ರ ಬೆಳಕು ಬಿದ್ದರೆ ಹಾನಿಕಾರಕ ಆಮ್ಲಜನಕ ಕಣಗಳು ಹುಟ್ಟುತ್ತವೆ, ಅನೆಮನಿ ಪಾಚಿಯನ್ನೇ ಹೊರಹಾಕುತ್ತದೆ. ಬಿಳಿಚಿಕೊಳ್ಳುವುದು ಎಂದರೆ ಇದೇ. ಬಬಲ್ ಟಿಪ್‌ಗೆ ಕೊನೆಗೆ ಬೇಕಾದದ್ದು 150ರಿಂದ 250 ಪಾರ್ (ಪಾಚಿ ಬಳಸಬಲ್ಲ ಬೆಳಕಿನ ಅಳತೆ). ತಂದ ದಿನ ಲೈಟ್ ಆರಿಸಿಡಿ. ಮೊದಲ ವಾರ 80–100 ಪಾರ್, ದಿನಕ್ಕೆ 6 ಗಂಟೆ. ಆಮೇಲೆ ವಾರಕ್ಕೆ 30–40 ಪಾರ್ ಏರಿಸುತ್ತ, ಅವಧಿಯನ್ನು 8–9 ಗಂಟೆಗೆ ತನ್ನಿ. ಪಾರ್ ಮೀಟರ್ ಇಲ್ಲದವರು ಕೊನೆಗೆ ಇಡಬೇಕೆಂದಿರುವ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಕೆಳಗಿನಿಂದ ಶುರುಮಾಡಿ.

ಟ್ಯಾಂಕಿನಲ್ಲಿ ಪೂರ್ತಿ ಬೆಳಕಿಗೆ ಒಗ್ಗಿದ ಹವಳಗಳಿದ್ದರೆ ಲೈಟ್ ತಗ್ಗಿಸಲಾಗದು. ಕಿಟಕಿಗೆ ಹಾಕುವ ಫೈಬರ್ ಸೊಳ್ಳೆ ಜಾಲರಿಯನ್ನು ನಾಲ್ಕು ಪದರ ಮಡಚಿ ಆ ಮೂಲೆಯ ಮೇಲೆ ಹಾಸಿ, ವಾರಕ್ಕೊಂದು ಪದರ ತೆಗೆಯಿರಿ. ತಂತಿ ಜಾಲರಿ ಬೇಡ, ತುಕ್ಕು ನೀರಿಗಿಳಿಯುತ್ತದೆ.

ಅನೆಮನಿ ಕಾಂಡ ಉದ್ದ ಚಾಚಿ ಮೇಲಕ್ಕೆ ಹತ್ತುತ್ತಿದ್ದರೆ ಬೆಳಕು ಸಾಲದು. ಹಗಲಲ್ಲಿ ಕುಗ್ಗಿ ಬಂಡೆಯಡಿಗೆ ಸೇರಿದರೆ ಬೆಳಕೋ ನೀರಿನ ಹೊಡೆತವೋ ಜಾಸ್ತಿ. ಆದರೆ ಮೊದಲ ಮೂರು ದಿನದ ಅಲೆದಾಟಕ್ಕೆ ಅರ್ಥ ಹಚ್ಚುತ್ತ ಕೂರಬೇಡಿ, ಲೈಟನ್ನೂ ಮುಟ್ಟಬೇಡಿ. ಆಗೊಮ್ಮೆ ಈಗೊಮ್ಮೆ ಪೂರ್ತಿ ಮುದುಡಿ ಕಂದು ಲೋಳೆ ಕಕ್ಕುವುದು ಸಹಜ, ಕೆಲವು ಗಂಟೆಗಳಲ್ಲಿ ಮತ್ತೆ ಉಬ್ಬುತ್ತದೆ. ಬಾಯಿ ಅಗಲವಾಗಿ ತೆರೆದೇ ಇದ್ದು, ಮೈ ಚೂರುಚೂರಾಗಿ ಕಳಚಿ, ಕೊಳೆತ ವಾಸನೆ ಬಂದರೆ ಮಾತ್ರ ತಡಮಾಡದೆ ಹೊರತೆಗೆಯಿರಿ.

ಬಿಳಿಚಿದ್ದಕ್ಕೆ ಬೆಳಕು ಹೆಚ್ಚಿಸುವುದು ಬಹಳ ಮಂದಿ ಮಾಡುವ ತಪ್ಪು. ದುಡಿಯುವ ಪಾಚಿಯೇ ಇಲ್ಲದ ಮೇಲೆ ಬೆಳಕು ಸುರಿದೇನು? 80 ಪಾರ್‌ಗಿಂತ ಕೆಳಗಿಳಿಸಿ, ವಾರಕ್ಕೆರಡು ಸಲ ಬಟಾಣಿ ಗಾತ್ರದ ಹಸಿ ಸಿಗಡಿ ಚೂರು ಕೊಡಿ. ದೊಡ್ಡ ತುಂಡು ಕೊಟ್ಟರೆ ಮರುದಿನ ಉಗುಳುತ್ತದೆ, ನೀರೂ ಕೆಡುತ್ತದೆ. ಕಂದು ಬಣ್ಣ ಮರಳಲು ಎರಡು ಮೂರು ತಿಂಗಳು ಹಿಡಿದರೂ ಆಶ್ಚರ್ಯವಿಲ್ಲ.

ಅನೆಮನಿಯಲ್ಲಿ ವಾಸಿಸುವ ಕ್ಲೌನ್ ಮೀನು ಮೊದಲೇ ಟ್ಯಾಂಕಿನಲ್ಲಿದ್ದರೆ ಇನ್ನೂ ಪಾದ ಊರದ ಅನೆಮನಿಯ ಮೇಲೆ ಬಿದ್ದು ಹೊರಳಾಡಿ ಅದನ್ನು ಕುಗ್ಗಿಸಿಬಿಡುತ್ತದೆ. ತರಕಾರಿ ತೊಳೆಯುವ ಪ್ಲಾಸ್ಟಿಕ್ ಬುಟ್ಟಿಯನ್ನು ಅನೆಮನಿಯ ಮೇಲೆ ಕವುಚಿ, ಒಂದೆರಡು ವಾರ ಬಿಟ್ಟು ತೆಗೆಯಿರಿ. ಬುಟ್ಟಿಯ ನೆರಳು ಆ ದಿನಗಳ ಬೆಳಕಿನ ಲೆಕ್ಕಕ್ಕೂ ಬರುತ್ತದೆ, ಜಾಲರಿ ಒಂದು ಪದರ ಕಡಿಮೆ ಹಾಕಿದರೆ ಸರಿಹೋಗುತ್ತದೆ.