ಎರಡು ಅಂಕ ಕೊಟ್ಟುಕೊಂಡ ಪಾಠ

ಬಿ.ಎಡ್. ಕಾಲೇಜಿನಲ್ಲಿ ಬೋಧಿಸುವ ನಾನು ಪ್ರತಿ ವರ್ಷ ಇಂಟರ್ನ್‌ಶಿಪ್‌ನ ಸಮಯದಲ್ಲಿ ಶಾಲೆಗಳಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕುಳಿತು ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠ ವೀಕ್ಷಿಸುತ್ತೇನೆ. ಪಾಠ ಮುಗಿದೊಡನೆ ಅವರು ಸ್ವಮೌಲ್ಯಮಾಪನದ ಹಾಳೆ ತುಂಬಿ, ಐದಕ್ಕೆ ಎಷ್ಟು ಎಂದು ತಮಗೆ ತಾವೇ ಅಂಕ ಕೊಟ್ಟುಕೊಳ್ಳುತ್ತಾರೆ. ಆ ಅಂಕವನ್ನು ನಾನು ಬಹಳ ಕಾಲ ನಂಬಿದ್ದೆ.

ಕಳೆದ ವರ್ಷ ಆರನೇ ತರಗತಿಯಲ್ಲಿ ಒಬ್ಬಾಕೆ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಮೂರನೇ ಒಂದು ದೊಡ್ಡದೋ ನಾಲ್ಕನೇ ಒಂದು ದೊಡ್ಡದೋ ಎಂದು ಕೇಳಿದಾಗ ಹುಡುಗನೊಬ್ಬ, ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ, ಹಾಗಾಗಿ ನಾಲ್ಕನೇ ಒಂದೇ ದೊಡ್ಡದು ಎಂದ. ಆಕೆ ಒಂದು ಗಳಿಗೆ ತಡೆದಳು. ಬಳಿಕ ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಹರಿದು ಅವನ ಕೈಗೇ ಕೊಟ್ಟು, ಒಂದನ್ನು ಮೂರು ಪಾಲಾಗಿಯೂ ಇನ್ನೊಂದನ್ನು ನಾಲ್ಕು ಪಾಲಾಗಿಯೂ ಮಡಿಸಲು ಹೇಳಿದಳು. ಅವನು ಎರಡು ಮಡಿಕೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿ, 'ಹೆಚ್ಚು ಜನ ಹಂಚಿಕೊಂಡರೆ ಪಾಲು ಸಣ್ಣದಾಗುತ್ತೆ ಮಿಸ್' ಎಂದ. ಆ ವರ್ಷ ನಾನು ಕಂಡ ಅತ್ಯುತ್ತಮ ಬೋಧನೆ ಅದೇ. ಹಾಳೆಯಲ್ಲಿ ಆಕೆ ಕೊಟ್ಟುಕೊಂಡದ್ದು ಎರಡು ಅಂಕ. ಕಾರಣ: 'ಪಾಠಯೋಜನೆಯಂತೆ ನಡೆಯಲಿಲ್ಲ, ಗಂಟಲು ಒಣಗಿತ್ತು, ಕಪ್ಪುಹಲಗೆಯ ಅಕ್ಷರ ಓರೆಯಾಯಿತು.'

ಅದೇ ವಾರ, ಮಕ್ಕಳು ಬಾಯಿಬಿಡದೆ ಹಲಗೆಯಲ್ಲಿದ್ದುದನ್ನು ನಕಲು ಮಾಡಿಕೊಂಡ ಪಾಠವೊಂದಕ್ಕೆ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಐದಕ್ಕೆ ಐದು ಕೊಟ್ಟುಕೊಂಡಿದ್ದ.

ಇದು ಬರಿಯ ಅಂಕದ ಪ್ರಶ್ನೆಯಲ್ಲ. ಒಂದು ಕೆಲಸ ತನ್ನಿಂದ ಆಗುತ್ತದೆಂಬ ನಂಬಿಕೆಯನ್ನು, ಅಂದರೆ ಸ್ವಸಾಮರ್ಥ್ಯದ ನಂಬಿಕೆಯನ್ನು, 1977ರಲ್ಲಿ ವಿವರಿಸಿದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅದಕ್ಕೆ ನಾಲ್ಕು ಮೂಲಗಳನ್ನು ಗುರುತಿಸಿದರು: ತಾನೇ ಮಾಡಿ ಸಾಧಿಸಿದ ಅನುಭವ, ತನ್ನಂಥವರು ಸಾಧಿಸಿದ್ದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು ಮತ್ತು ಆ ಹೊತ್ತಿನ ದೇಹ-ಮನಸ್ಸುಗಳ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಪ್ರಬಲ. ಆದರೆ ಸಾಧಿಸಿದ್ದೇನೆಂದು ಸ್ವತಃ ಗುರುತಿಸದಿದ್ದರೆ ಆ ಅನುಭವದಿಂದ ನಂಬಿಕೆ ಹುಟ್ಟುವುದು ಹೇಗೆ? ನಮ್ಮ ಹುಡುಗಿ ಒಣಗಿದ ಗಂಟಲನ್ನು ಲೆಕ್ಕಕ್ಕೆ ಹಿಡಿದು, ಮಡಿಸಿದ ಕಾಗದವನ್ನು ಬಿಟ್ಟಿದ್ದಳು.

ಅಣುಬೋಧನೆಯಲ್ಲಿ, ಅಂದರೆ ಬೋಧನಾ ಕೌಶಲಗಳ ಪುಟ್ಟ ಅಭ್ಯಾಸಪಾಠಗಳಲ್ಲಿ (ಮೈಕ್ರೊಟೀಚಿಂಗ್), ಈ ತೊಡಕು ಕಡಿಮೆ. ಒಂದೇ ಕೌಶಲ, ಆರು ನಿಮಿಷದ ಪಾಠ, ಹಿಮ್ಮಾಹಿತಿ, ಮರುಯೋಜನೆ, ಮತ್ತೆ ಪಾಠ, ಹೀಗೆ 36 ನಿಮಿಷಗಳ ಚಕ್ರದಲ್ಲಿ ಏನು ಸುಧಾರಿಸಿತೆಂಬುದು ಕಣ್ಣಿಗೆ ಕಾಣುತ್ತದೆ. ನಿಜವಾದ ತರಗತಿಯಲ್ಲಿ ಎಲ್ಲವೂ ಒಟ್ಟಿಗೇ ನಡೆಯುತ್ತದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ವಿಸ್ತರಿಸಿ, ಶಾಲೆಗಳ ಒಡನಾಟಕ್ಕೆ 20 ವಾರಗಳನ್ನು ಮೀಸಲಿಟ್ಟಿತು. ಆದರೆ ವಾರಗಳು ಹೆಚ್ಚಿದಂತೆ ತನ್ನ ಪಾಠವನ್ನು ತಾನೇ ನೋಡಿಕೊಳ್ಳುವ ಕಣ್ಣು ತಾನಾಗಿ ತೆರೆಯುವುದಿಲ್ಲ.

ಆದ್ದರಿಂದ ನನ್ನ ಗುಂಪಿನ ಹಾಳೆಯಲ್ಲಿ ಅಂಕದ ಕಲಂ ಅನ್ನು ಕೊನೆಗೆ ಇಳಿಸಿದ್ದೇನೆ. ಅದಕ್ಕೂ ಮೊದಲು ಎರಡು ಪ್ರಶ್ನೆಗಳಿವೆ: ಇಂದು ಯಾವ ಮಗು ಏನು ಹೇಳಿತು ಅಥವಾ ಮಾಡಿತು? ಆಗ ನೀವು ಏನು ಮಾಡಿದಿರಿ? ಅದನ್ನು ಸಂಜೆ, ಎದೆಬಡಿತ ತಣಿದ ಮೇಲೆ ಬರೆಯಬೇಕು. ಐದಕ್ಕೆ ಐದು ಕೊಟ್ಟುಕೊಂಡವನು ಮೊದಲ ದಿನ ಒಂದು ಮಗುವಿನ ಮಾತನ್ನೂ ನೆನಪಿಸಿಕೊಳ್ಳಲಾಗದೆ ಆ ಜಾಗವನ್ನು ಖಾಲಿ ಬಿಟ್ಟು ತಂದ. ಮರುವಾರ ಅವನ ತರಗತಿಯಲ್ಲಿ ಮೂವರು ಮಕ್ಕಳು ಪ್ರಶ್ನೆ ಕೇಳಿದ್ದರು. ಮೂರನ್ನೂ ಅವನು ಅವರವರ ಮಾತಿನಲ್ಲೇ ಬರೆದಿದ್ದ.